ಹೆಸರು ಮತ್ತು ರೂಪ: ಗ್ರೀಕ್ ಪ್ರತಿಮಾಶಿಲ್ಪದ ಬೆಳಕಿನಲ್ಲಿ ಕನಗನಹಳ್ಳಿಯ ಅಶೋಕ

ಶಕ್ತಿನಗರದ ಸಮೀಪದಲ್ಲಿ ಕೃಷ್ಣೆಯನ್ನು ಕೂಡಿಕೊಳ್ಳುವ ಭೀಮಾ ನದಿಯ ಮೇಲ್ದಂಡೆಯಲ್ಲಿ, ಕಲಬುರಗಿ ಜಿಲ್ಲೆಯ ಸನ್ನತಿಗೆ ಹೊಂದಿಕೊಂಡಂತೆ ಕನಗನಹಳ್ಳಿಯಿದೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು 1990ರ ದಶಕದಲ್ಲಿ ಇಲ್ಲಿ ಕೈಗೊಂಡ ಉತ್ಖನನದಿಂದ ಬೆಳಕಿಗೆ ಬಂದ ಮಹಾಚೈತ್ಯದ ಸುಣ್ಣಕಲ್ಲಿನ ಫಲಕಗಳಲ್ಲಿ ಒಂದು ವಿಶೇಷ ಗಮನ ಸೆಳೆದಿದೆ. ರಾಣಿಯೊಡನೆ ನಿಂತ ಅರಸ, ಛತ್ರ-ಚಾಮರ ಹಿಡಿದ ಪರಿಚಾರಿಕೆಯರು, ಜೊತೆಗೆ ‘ರಾಯ ಅಸೋಕೊ’ ಎಂಬ ಬ್ರಾಹ್ಮೀ ಬರಹ. ಇದನ್ನು ಅಶೋಕನ ‘ನಿಜವಾದ ಭಾವಚಿತ್ರ’ವೆಂದು ಕರೆಯುವುದು ರೂಢಿಗೆ ಬಂದಿದೆ. ಈ ಮಾತು ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಾರ್ಹ.

ಭಾವಚಿತ್ರವೆಂಬ ಕಲ್ಪನೆಯ ಮೂಲವನ್ನು ಸಾಮಾನ್ಯವಾಗಿ ಗ್ರೀಕ್ ಶಿಲ್ಪದಲ್ಲಿ ಗುರುತಿಸಲಾಗುತ್ತದೆ. ಆದರೆ ಗ್ರೀಕರಲ್ಲಿಯೂ ಅದು ಏಕರೂಪವಾಗಿರಲಿಲ್ಲ. ಕ್ರಿ.ಪೂ. 6ನೆಯ ಶತಮಾನದ ‘ಕೂರೋಸ್’ ಪ್ರತಿಮೆಗಳಲ್ಲಿ ಎಡಗಾಲನ್ನು ಮುಂದಿಟ್ಟು ನೇರವಾಗಿ ನಿಂತ ನಗ್ನ ತರುಣನ ಒಂದೇ ಮಾದರಿ ಮರಳಿ ಮರಳಿ ಬರುತ್ತದೆ. ಅನಾವಿಸೋಸ್‌ನಲ್ಲಿ ದೊರೆತ, ಸುಮಾರು ಕ್ರಿ.ಪೂ. 530ರ ಪ್ರತಿಮೆಯು ರಣದಲ್ಲಿ ಮಡಿದ ಕ್ರೋಯಿಸೋಸ್‌ನದೆಂದು ತಿಳಿಯುವುದು ಮುಖಲಕ್ಷಣದಿಂದಲ್ಲ. ಅದಕ್ಕೆ ಸೇರಿದ್ದೆಂದು ಗುರುತಿಸಲಾದ ಪೀಠದ ಬರಹದಿಂದ. ಮುಂದಿನ ಶತಮಾನದಲ್ಲಿ ದೇಹದ ಭಾರವನ್ನು ಒಂದು ಕಾಲಿನ ಮೇಲೆ ನಿಲ್ಲಿಸುವ ಸಹಜ ಭಂಗಿ ಸಿದ್ಧಿಸಿತು. ಆದರೂ ಕ್ರೆಸಿಲಾಸನದೆಂದು ಹೇಳಲಾಗುವ ಪೆರಿಕ್ಲಿಸನ ಶಿಲ್ಪದ ರೋಮನ್ ಪ್ರತಿಗಳಲ್ಲಿ ಕಾಣುವುದು ಶಿರಸ್ತ್ರಾಣ ಧರಿಸಿದ ಆದರ್ಶ ನಾಯಕನ ಶಾಂತ ಮುಖವೇ. ಅಲ್ಲಿಯೂ ಕೆತ್ತಿದ ಹೆಸರೇ ವ್ಯಕ್ತಿಯನ್ನು ಖಚಿತಪಡಿಸುತ್ತದೆ. ಕ್ರಿ.ಪೂ. 280ರಲ್ಲಿ ಅಥೆನ್ಸ್ ನಗರವು ಸ್ಥಾಪಿಸಿದ, ಪಾಲಿಯೂಕ್ಟೋಸನ ಡೆಮಾಸ್ತನೀಸ್ ಪ್ರತಿಮೆಯ ಹೊತ್ತಿಗೆ ಸುಕ್ಕುಗಟ್ಟಿದ ಹಣೆ, ಕುಗ್ಗಿದ ಕೆನ್ನೆಗಳು ಕಾಣಿಸಿಕೊಂಡವು. ಆದರೆ ಆ ವಾಗ್ಮಿ ಸತ್ತು ಆಗಲೇ ನಲವತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದವು. ಸಹಜತೆಯೂ ಇಲ್ಲಿ ಸ್ಮರಣೆಯ ಒಂದು ಶೈಲಿಯೇ ಆಗಿದೆ.

ಈ ಹಿನ್ನೆಲೆಯಲ್ಲಿ ನೋಡಿದಾಗ ಕನಗನಹಳ್ಳಿಯ ಶಿಲ್ಪಿಯನ್ನು ಅಳೆಯುವ ಅಳತೆಗೋಲೇ ಬದಲಾಗಬೇಕಾಗುತ್ತದೆ. ಅಶೋಕನ ಆಳ್ವಿಕೆಗೂ ಸಾತವಾಹನರ ಕಾಲದ ಈ ಫಲಕಕ್ಕೂ ನಡುವೆ ಶತಮಾನಗಳ ಅಂತರವಿದೆ. ಆದ್ದರಿಂದ ಮುಖಸಾದೃಶ್ಯದ ಪ್ರಶ್ನೆ ಇಲ್ಲಿ ಅಪ್ರಸ್ತುತ. ಛತ್ರ-ಚಾಮರಗಳು ಅರಸುತನವನ್ನು ಹೇಳುತ್ತವೆ; ಯಾವ ಅರಸನೆಂಬುದನ್ನು ಬರಹ ಹೇಳುತ್ತದೆ. ಇದೇ ಸ್ತೂಪದ ಇತರ ಫಲಕಗಳಲ್ಲಿ ಮಹಾಚೈತ್ಯಕ್ಕೆ ಬೆಳ್ಳಿಯ ಕಮಲಗಳನ್ನು ಅರ್ಪಿಸುವ ಸಾತಕಣಿ, ಉಜ್ಜಯಿನಿಯನ್ನು ಒಪ್ಪಿಸಿಕೊಡುವ ಪುಳುಮಾವಿ ಇದ್ದಾರೆ. ಗ್ರೀಕ್ ಪೀಠದ ಹೆಸರು ಒಬ್ಬ ವ್ಯಕ್ತಿಯನ್ನು ಬಿಡಿಯಾಗಿ ನಿಲ್ಲಿಸಿದರೆ, ಇಲ್ಲಿನ ಹೆಸರು ಅರಸನನ್ನು ಚೈತ್ಯದ ಸುತ್ತಿನ ಸಾಲಿನಲ್ಲಿ ಇರಿಸುತ್ತದೆ. ಪ್ರದಕ್ಷಿಣೆ ಬರುವ ಭಕ್ತನಿಗೆ ಅಶೋಕನೂ ಸಾತವಾಹನರೂ ಒಂದೇ ಪರಂಪರೆಯವರಾಗಿ ತೋರುತ್ತಾರೆ. ಫಲಕದ ನಿಜವಾದ ಅರ್ಥ ಇರುವುದು ಈ ಜೋಡಣೆಯಲ್ಲಿ.

ಇದೇ ಪ್ರದೇಶದ ಶಾಸನಗಳೊಡನೆ ಇಟ್ಟು ನೋಡಿದರೆ ಈ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಪತ್ತೆಯಾದ ಶಾಸನವು ‘ದೇವಾನಂಪ್ರಿಯ’ನೆಂದರೆ ಅಶೋಕನೇ ಎಂಬುದನ್ನು ಹೆಸರಿನಿಂದಲೇ ಸ್ಥಿರಪಡಿಸಿತು. ಅಲ್ಲಿ ರೂಪವಿಲ್ಲದ ಹೆಸರಿದೆ. ಕನಗನಹಳ್ಳಿಯಲ್ಲಿ ಆ ಹೆಸರಿಗೆ ಸಮುದಾಯವೊಂದು ಕೊಟ್ಟ ರೂಪವಿದೆ. ಸನ್ನತಿಯ ಚಂದ್ರಲಾಂಬಾ ದೇವಾಲಯದ ಸಂಕೀರ್ಣದಲ್ಲಿ ಅಶೋಕನ ಶಾಸನಶಿಲೆಯೇ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದುದು 1980ರ ದಶಕದಲ್ಲಿ ತಿಳಿದುಬಂತು. ಬರಹವನ್ನು ಓದಬಲ್ಲವರು ಇಲ್ಲವಾದಾಗ ಅರಸನ ಆಜ್ಞೆಯೂ ಬರಿಯ ಕಲ್ಲಾಗುತ್ತದೆಂಬುದಕ್ಕೆ ಇದು ನಿದರ್ಶನ.

ಆದ್ದರಿಂದ ಕನಗನಹಳ್ಳಿಯ ಫಲಕವನ್ನು ‘ನಿಜವಾದ ಭಾವಚಿತ್ರ’ವೆಂದು ಕೊಂಡಾಡುವುದಾಗಲಿ, ಗ್ರೀಕ್ ಸಹಜತೆಯ ಮುಂದೆ ಅಪೂರ್ಣವೆಂದು ಕಡೆಗಣಿಸುವುದಾಗಲಿ ಸರಿಯಾಗದು. ಎರಡೂ ಒಂದೇ ಮುಖಸಾದೃಶ್ಯದ ಮಾನದಂಡವನ್ನು ಆಧರಿಸಿವೆ. ಇದು ಸ್ಮೃತಿಶಿಲ್ಪ. ಅಶೋಕನು ಹೇಗಿದ್ದನೆಂಬುದನ್ನಲ್ಲ, ಭೀಮಾತೀರದ ಜನ ಅವನನ್ನು ಹೇಗೆ ತಮ್ಮವನನ್ನಾಗಿ ಮಾಡಿಕೊಂಡರೆಂಬುದನ್ನು ಇದು ದಾಖಲಿಸುತ್ತದೆ. ಇತಿಹಾಸಕಾರನಿಗೆ ಈ ಸಾಕ್ಷ್ಯದ ಬೆಲೆ ಮುಖಚಹರೆಗಿಂತ ಕಡಿಮೆಯದೇನಲ್ಲ.