ಗಂಟಲು ಒಡೆದ ಮೇಲೆ

ಪುನೀತ್ ರಾಜ್‌ಕುಮಾರ್ ಕುರಿತು ಈಗ ವಿಮರ್ಶೆ ಬರೆಯುವುದು ಕಷ್ಟ. 2021ರ ಅಕ್ಟೋಬರ್ 29ರ ನಂತರ ಬಂದ ಬರಹಗಳಲ್ಲಿ ಹೆಚ್ಚಿನವು ಶ್ರದ್ಧಾಂಜಲಿಗಳು. ಕೋಲಾರದ ಆಟೋಗಳ ಹಿಂದೆ, ಮಾಲೂರಿನ ಬೇಕರಿಗಳ ಗೋಡೆಯಲ್ಲಿ ಅವರ ನಗುವ ಪಟವಿದೆ. ಪಟಕ್ಕೆ ಹಾರ ಬಿದ್ದ ಮೇಲೆ ಸಿನಿಮಾದ ಮಾತು ಯಾರಿಗೆ ಬೇಕು? ಆದರೆ ಮಾತಾಡದೇ ಬಿಟ್ಟರೆ ಆ ನಟನಿಗೇ ನಷ್ಟ ಅನ್ನಿಸುತ್ತದೆ ನನಗೆ.

ಅವರು ತೀರಿಕೊಂಡ ವಾರ ಟೀವಿ ಚಾನೆಲ್‌ಗಳು ಮತ್ತೆ ಮತ್ತೆ ಹಾಕಿದ್ದು ‘ಭಾಗ್ಯವಂತ’ದ ಸೂರ್ಯ ಚಂದ್ರರ ಹಾಡು. ಹಾಡಿದಾಗ ಅವರಿಗೆ ಆರರ ಆಸುಪಾಸು. ಮಕ್ಕಳ ಪಾತ್ರಗಳಿಗೆ ಎಸ್. ಜಾನಕಿಯಂಥವರೇ ದನಿ ಎಳಸು ಮಾಡಿಕೊಂಡು ಹಾಡುತ್ತಿದ್ದ ಕಾಲ ಅದು. ಇಲ್ಲಿ ಮಗುವೇ ಹಾಡಿತು. ಉಸಿರು ಕೇಳುತ್ತದೆ, ಸಾಲಿನ ಕೊನೆಗೆ ದನಿ ತುಸು ಜಾರುತ್ತದೆ, ಆ ಜಾರುವಿಕೆಯೇ ಹಾಡನ್ನು ಉಳಿಸಿದೆ. ‘ಬೆಟ್ಟದ ಹೂವು’ (1985) ಚಿತ್ರದಲ್ಲಿ ಕುವೆಂಪು ಅವರ ರಾಮಾಯಣ ಕೊಳ್ಳಲು ಹೂ ಹೆಕ್ಕಿ ಕಾಸು ಕೂಡಿಸುವ ರಾಮು, ಕೊನೆಗೆ ಮನೆಯವರಿಗೆ ಕಂಬಳಿ ಕೊಳ್ಳುತ್ತಾನೆ. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅಲ್ಲಿಯೂ ಅವರದೇ ಹಾಡು.

1989ರ ‘ಪರಶುರಾಮ್’ ಹೊತ್ತಿಗೆ ಹುಡುಗನಿಗೆ 14. ಆಮೇಲೆ 2002ರ ‘ಅಪ್ಪು’ವರೆಗೆ ತೆರೆಯ ಮೇಲೆ ಇಲ್ಲ. ಗಂಟಲು ಒಡೆಯುವ, ಮೀಸೆ ಚಿಗುರುವ ವರ್ಷಗಳನ್ನು ನಾವು ನೋಡಲೇ ಇಲ್ಲ. ಅಮೆರಿಕದಲ್ಲಿ ಮಾರಾಟವಾದದ್ದು ಆ ವರ್ಷಗಳೇ. 1970ರಲ್ಲಿ ಶುರುವಾದ ‘ದಿ ಪಾರ್ಟ್‌ರಿಡ್ಜ್ ಫ್ಯಾಮಿಲಿ’ ಧಾರಾವಾಹಿಯಲ್ಲಿ 20ರ ಡೇವಿಡ್ ಕ್ಯಾಸಿಡಿ 16ರ ಹುಡುಗನಾಗಿ ಹಾಡಿ ಹದಿಹರೆಯದವರ ಆರಾಧ್ಯನಾದ. ಕಾರ್ಯಕ್ರಮ 1974ಕ್ಕೆ ಮುಗಿಯಿತು, ಅಂಟಿದ ಆ ವಯಸ್ಸು ಬಿಡಲಿಲ್ಲ. ನಮ್ಮಲ್ಲಿ ತಾರೆ ಅಂದರೆ ಒಂದೋ ಮಗು, ಇಲ್ಲವೇ ಪೂರ್ಣ ಗಂಡಸು. ನಡುವಿನ ಹುಡುಗನನ್ನು ಏನು ಮಾಡಬೇಕೆಂದು ಕನ್ನಡ ಚಿತ್ರರಂಗಕ್ಕೆ ಗೊತ್ತಿರಲಿಲ್ಲ. ಹಾಗಾಗಿ ‘ಅಪ್ಪು’ವಿನಲ್ಲಿ 27ರ ಪುನೀತ್, ಕಾನ್‌ಸ್ಟೇಬಲ್ ಮಗನಾಗಿ, ಬಾಕಿ ಉಳಿದಿದ್ದ ಪೋಲಿತನವನ್ನೆಲ್ಲ ಒಂದೇ ಸಲ ತೀರಿಸಿದರು. ಕುಣಿತ ಅದ್ಭುತ. ಹುಡುಗಿಯನ್ನು ಬೆನ್ನಟ್ಟುವ ಪ್ರೇಮವನ್ನು ಇವತ್ತು ಒಪ್ಪುವುದು ಕಷ್ಟ.

ಶ್ರೀನಿವಾಸಪುರ, ಮುಳಬಾಗಿಲಿನವರಿಗೆ ಈ ಕತೆ ಇನ್ನೊಂದು ಥರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. (ಮುಳಬಾಗಿಲಿನ ಸೌಂದರ್ಯ ತೆಲುಗಿನ ದೊಡ್ಡ ನಾಯಕಿಯಾದದ್ದು ನಮ್ಮಲ್ಲಿ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.) ‘ಅಪ್ಪು’ ಅದೇ ವರ್ಷ, ಅದೇ ಪುರಿ ಜಗನ್ನಾಥ್ ನಿರ್ದೇಶನದಲ್ಲಿ ತೆಲುಗಿನ ‘ಈಡಿಯಟ್’ ಆಯಿತು, ರವಿತೇಜ ನಾಯಕ. 2004ರಲ್ಲಿ ಇನ್ನೂ ಮಜಾ: ಜಗನ್ನಾಥ್ ಬರೆದ ಒಂದೇ ಕತೆ ಕನ್ನಡದಲ್ಲಿ ಪುನೀತರ ‘ವೀರ ಕನ್ನಡಿಗ’, ತೆಲುಗಿನಲ್ಲಿ ಜೂನಿಯರ್ ಎನ್‌ಟಿಆರ್ ‘ಆಂಧ್ರಾವಾಲಾ’. ನಾಡಾಭಿಮಾನದ ಹೆಸರು ಬದಲಾಯಿಸಿದರೆ ಸಾಕು, ಮಚ್ಚು ಅದೇ. ರಾಜ್‌ಕುಮಾರ್ ಮಗನ ಮೇಲೆ ಹೊರಿಸಿದ ಕನ್ನಡದ ಭಾರ ಎಷ್ಟು ತೆಳುವಾಗಿತ್ತು ಎನ್ನುವುದು ಗಡಿಯಲ್ಲಿ ನಿಂತು ನೋಡಿದರೆ ಚೆನ್ನಾಗಿ ಕಾಣುತ್ತದೆ.

ಆ ಭಾರ ಇಳಿದಾಗಲೇ ಅವರು ಒಳ್ಳೆಯ ನಟ. ‘ಪೃಥ್ವಿ’ಯಲ್ಲಿ (2010) ಬಳ್ಳಾರಿಯ ಗಣಿ ದಂಧೆಗೆ ಎದುರಾಗುವ ಜಿಲ್ಲಾಧಿಕಾರಿಯಾಗಿ ಅವರು ಮೈಯನ್ನು ಸುಮ್ಮನಿರಿಸಲು ಕಲಿತರು. ಇಂಥವು ಇನ್ನಷ್ಟು ಸಿಗಬೇಕಿತ್ತು. ಅಭಿಮಾನಿಗಳಾದ ನಾವು ಕುಣಿತ ಕೇಳಿದೆವು, ಚಿತ್ರರಂಗ ಕುಣಿಸಿತು.

2012ರಲ್ಲಿ ಸುವರ್ಣ ವಾಹಿನಿಯ ‘ಕನ್ನಡದ ಕೋಟ್ಯಧಿಪತಿ’ ಬಂತು. ಇಲ್ಲಿ ನಾಯಕ ಕುರ್ಚಿಯಲ್ಲಿ ಕೂತು ಎದುರಿನವರ ಕಷ್ಟಸುಖ ಕೇಳಬೇಕು. ಕೇಳುವುದು ಅವರಿಗೆ ಬರುತ್ತಿತ್ತು. ಮಾತಿನಲ್ಲಿ ಪಂಚ್ ಇರಲಿಲ್ಲ, ಕೆಲವೊಮ್ಮೆ ತಡವರಿಕೆಯೂ ಇತ್ತು. ‘ಭಾಗ್ಯವಂತ’ದ ಹಾಡಿನಲ್ಲಿ ಜಾರಿದ್ದ ದನಿಯ ಹಾಗೆಯೇ ಅದು ನಂಬಿಕೆ ಹುಟ್ಟಿಸುತ್ತಿತ್ತು. ಸಿನಿಮಾ ಕೊಡದ ದೊಡ್ಡವನ ಪಾತ್ರವನ್ನು ಟೀವಿ ಕೊಟ್ಟಿತು ಎಂದು ನನ್ನ ವಾದ.

ಈ ವಾದ ನಮ್ಮ ಮನೆಯಲ್ಲೇ ನಿಲ್ಲುವುದಿಲ್ಲ. ಶ್ರೀನಿವಾಸಪುರದ ನಮ್ಮಜ್ಜಿ ಕನ್ನಡದ ಪ್ರಶ್ನೆಗೆ ತೆಲುಗಿನಲ್ಲಿ ಉತ್ತರ ಹೇಳುತ್ತಾ ಆ ಕಾರ್ಯಕ್ರಮ ನೋಡುತ್ತಿದ್ದಳು. ರಾತ್ರಿ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: ‘ಪಿಲ್ಲೋಡು ವಚ್ಚಾಡಾ?’ ಹುಡುಗ ಬಂದನಾ ಅಂತ. ಆ ಹುಡುಗನಿಗೆ ಆಗ 37.