ತೊಟ್ಟು ಎಲ್ಲಿ ಕೂಡುತ್ತದೆ?

ಗದ್ದೆಯ ಬದುವಿನಲ್ಲೋ ತೋಟದ ಬಸಿಗಾಲುವೆಯಲ್ಲೋ ಕೆರೆಯಂಚಿನ ಜೌಗಿನಲ್ಲೋ ದುಂಡೆಲೆಯ ಹಂಬು ಕಂಡರೆ ಸಾಕು, ಒಂದೆಲಗವೆಂದು ಚಿವುಟಿ ಬಾಯಿಗಿಡುವವರಿದ್ದಾರೆ. ಅವಸರ ಬೇಡ. ದುಂಡೆಲೆಯ ಹಂಬುಗಳು ಹಲವು. ಗಾತ್ರವನ್ನಂತೂ ನಂಬಲೇಬಾರದು. ಬಿಸಿಲಿನ ಬಯಲಲ್ಲಿ ನೆಲಕ್ಕೆ ಅಂಟಿಕೊಂಡು ಬೆಳೆಯುವ ಒಂದೆಲಗವೇ ನೆರಳೂ ನೀರೂ ಸಿಕ್ಕಲ್ಲಿ ಗೇಣುದ್ದದ ತೊಟ್ಟು ಎತ್ತಿ, ಬೇರೆಯೇ ಗಿಡವೇನೋ ಎನ್ನುವಷ್ಟು ಅಗಲದ ಎಲೆ ಬಿಡುತ್ತದೆ.

ನಾನು ಮೊದಲು ನೋಡುವುದು ತೊಟ್ಟು ಎಲೆಗೆ ಕೂಡುವ ಜಾಗವನ್ನು. ಒಂದೆಲಗದ ಎಲೆಯ ಬುಡದಲ್ಲಿ ಆಳವಾದ ಕಚ್ಚಿದೆ. ತೊಟ್ಟು ಸೇರುವುದು ಆ ಕಚ್ಚಿನೊಳಗೆ. ನರಗಳು ಅಲ್ಲಿಂದಲೇ ಬೀಸಣಿಗೆಯ ಕಡ್ಡಿಗಳಂತೆ ಹರಡುತ್ತವೆ. ಅಲಂಕಾರದ ಕೊಳಗಳಲ್ಲಿ ಬೆಳೆಸುವ ಅಮೆರಿಕ ಮೂಲದ ಹಲವು ಹೈಡ್ರೊಕಾಟೈಲ್‌ಗಳಿಗೆ ಈ ಕಚ್ಚೇ ಇಲ್ಲ. ತಾವರೆ ಎಲೆಯಲ್ಲಿರುವಂತೆ ತೊಟ್ಟು ಕೆಳಗಿನಿಂದ ಎಲೆಯ ನಡುವಿಗೇ ಬಂದು ನಿಲ್ಲುತ್ತದೆ.

ಆದರೆ ಪಶ್ಚಿಮ ಘಟ್ಟದ ತಂಪಿನಲ್ಲಿ ಬೆಳೆಯುವ ಹೈಡ್ರೊಕಾಟೈಲ್ ಜಾವಾನಿಕಾದಲ್ಲಿ ಕಚ್ಚೂ ಇದೆ, ಎಲೆ ಮೇಲ್ನೋಟಕ್ಕೆ ಒಂದೆಲಗದಂತೆಯೇ ಇದೆ. ಲಿನೇಯಸ್ 1753ರಲ್ಲಿ ಒಂದೆಲಗವನ್ನೂ ಹೈಡ್ರೊಕಾಟೈಲ್ ಕುಲಕ್ಕೇ ಸೇರಿಸಿದ್ದರು. ಅದು ಈಗಿನ ಸೆಂಟೆಲ್ಲಾ ಕುಲಕ್ಕೆ ಬಂದದ್ದು 1879ರಲ್ಲಿ, ಸಸ್ಯವಿಜ್ಞಾನಿ ಅರ್ಬನ್ ಅವರಿಂದ. ಇಂಥ ಹೋಲಿಕೆಯಲ್ಲಿ ಗಿಣ್ಣಿನವರೆಗೆ ಬಗ್ಗಲೇಬೇಕು. ಒಂದೆಲಗದಲ್ಲಿ ಬೇರೂರಿದ ಗಿಣ್ಣೊಂದರಿಂದ ಸಾಮಾನ್ಯವಾಗಿ ಹಲವು ಎಲೆಗಳು ಗುಂಪಾಗಿ ಏಳುತ್ತವೆ, ತೊಟ್ಟಿನ ಬುಡ ಅಗಲವಾಗಿ ಗಿಣ್ಣನ್ನು ಅಪ್ಪಿರುತ್ತದೆ. ಹೈಡ್ರೊಕಾಟೈಲ್‌ನಲ್ಲಿ ಗಿಣ್ಣಿಗೊಂದೇ ಎಲೆ, ತೊಟ್ಟಿನ ಬುಡದಲ್ಲಿ ತೆಳುಪೊರೆಯ ಪುಟ್ಟ ಎಲೆಗಳು. ಈ ಗಿಣ್ಣಿನ ಗುರುತಿನಷ್ಟು ನೆಚ್ಚಿಗೆಯದು ನನಗೆ ಬೇರೆ ಯಾವುದೂ ಇಲ್ಲ.

ಇಲಿಕಿವಿ ಸೊಪ್ಪಿನ ಎಲೆಯೂ ಉದ್ದಕ್ಕಿಂತ ಅಗಲ ಹೆಚ್ಚಿರುವಂಥದ್ದು. ಅದರ ಹಳದಿ ಹೂ ಅರಳಿದ್ದರೆ ಗೊಂದಲವೇ ಉಳಿಯುವುದಿಲ್ಲ: ಒಂದೆಲಗದ ಹೂ ಎಲೆಗಳಡಿ ಅಡಗಿರುವ ಸೂಕ್ಷ್ಮ ಗೊಂಚಲು. ಒಂದೆಲಗದ ಹಾಗೆ ಬ್ರಾಹ್ಮಿಯೆಂದೇ ಮಾರಾಟವಾಗುವ ಇನ್ನೊಂದು ಗಿಡ, ನೀರುಬ್ರಾಹ್ಮಿ, ದುಂಡೆಲೆಯದೇ ಅಲ್ಲ. ಅದರ ದಪ್ಪನೆಯ ಸಣ್ಣ ಎಲೆಗಳು ತೊಟ್ಟಿಲ್ಲದೆ ಎದುರುಬದುರಾಗಿ ಕೂತಿರುತ್ತವೆ. ನಾಲ್ಕು ದಳದ ಎಲೆ ಕಂಡರೆ, ಎಳೆ ಎಲೆ ಸುರುಳಿ ಸುತ್ತಿಕೊಂಡಿದ್ದರೆ, ಅದು ಮಾರ್ಸಿಲಿಯಾ ಎಂಬ ಜರಿಗಿಡ. ಹೂವಿಗಾಗಿ ಕಾಯುವುದು ವ್ಯರ್ಥ.

ಗುರುತು ಕೇಳಿ ಚಿತ್ರ ಕಳಿಸುವವರು ಮೇಲಿನಿಂದ ಒಂದು ಫೋಟೊ ತೆಗೆದು ಸುಮ್ಮನಾಗುತ್ತಾರೆ. ಎಲೆಯನ್ನು ಮಗುಚಿ, ಗಿಣ್ಣು ಮತ್ತು ಬೇರು ಕಾಣುವಂತೆ ಇನ್ನೆರಡು ತೆಗೆಯಿರಿ. ತಂಬುಳಿಗೆಂದು ಕೊಯ್ಯುವವರಿಗೆ ಇನ್ನೊಂದು ಮಾತು: ಚರಂಡಿ ನೀರು ಸೇರುವ ಕೆರೆಯಂಚಿನದು ಅಪ್ಪಟ ಒಂದೆಲಗವೇ ಆಗಿದ್ದರೂ ಅಲ್ಲೇ ಬಿಟ್ಟುಬನ್ನಿ.