ಮುತ್ತಿಗೆಯ ಕಥನ: ಹಲಗಲಿಯ ಲಾವಣಿ ಮತ್ತು ‘ಸೈನೈಡ್’ ಚಲನಚಿತ್ರ

ಮುತ್ತಿಗೆಯ ವಸ್ತು ಕನ್ನಡ ಮೌಖಿಕ ಪರಂಪರೆಗೆ ಹೊಸತಲ್ಲ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಹುಕುಂ ಧಿಕ್ಕರಿಸಿದ ಹಲಗಲಿಯ ಬೇಡರ ಮೇಲೆ ಬ್ರಿಟಿಷರ ದಂಡು ಎರಗಿತು. ಊರು ಬೆಂಕಿಗೆ ಆಹುತಿಯಾಯಿತು. ಸೆರೆಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ಈ ದಂಗೆಯ ಲಾವಣಿಯನ್ನು ಜೆ.ಎಫ್. ಫ್ಲೀಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಸಂಗ್ರಹಿಸಿ ಪ್ರಕಟಿಸಿದ್ದಾನೆ. ಲಾವಣಿಕಾರ ಇಲ್ಲಿ ಸುತ್ತುವರಿದವರ ಕಡೆಗಲ್ಲ, ಸುತ್ತುವರಿಯಲ್ಪಟ್ಟವರ ಕಡೆಗೆ ನಿಲ್ಲುತ್ತಾನೆ. ಹೊರಗಿರುವುದು ಸರ್ಕಾರ, ಒಳಗಿರುವವರು ನಮ್ಮವರು ಎಂಬುದು ಈ ಪ್ರಕಾರದ ಮೂಲ ವಿನ್ಯಾಸ. ಆದರೆ ಒಳಗಿರುವವರು ಕೊಲೆಗಡುಕರಾಗಿದ್ದರೆ ಈ ವಿನ್ಯಾಸದ ಗತಿಯೇನು? ಎ.ಎಂ.ಆರ್. ರಮೇಶ್ ನಿರ್ದೇಶನದ ‘ಸೈನೈಡ್’ (2006) ಚಿತ್ರ ಈ ಪ್ರಶ್ನೆಯನ್ನು ಎದುರಿಗಿಡುತ್ತದೆ.

ಚಿತ್ರದ ವಸ್ತು ಚರಿತ್ರೆಗೆ ಸೇರಿದ್ದು. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಸಂಚಿನ ಪ್ರಮುಖನಾದ ಶಿವರಾಸನ್ ತನ್ನ ಸಂಗಡಿಗರೊಡನೆ ಬೆಂಗಳೂರಿನ ಅಂಚಿನ ಕೋಣನಕುಂಟೆಯ ಮನೆಯೊಂದರಲ್ಲಿ ಅಡಗಿದ. ಪೊಲೀಸರು ಆ ಮನೆಯನ್ನು ಸುತ್ತುವರಿದರು. ಆಗಸ್ಟ್ 20ರ ಮುಂಜಾನೆ ಕಮಾಂಡೊಗಳು ಒಳನುಗ್ಗುವ ವೇಳೆಗೆ ಶಿವರಾಸನ್, ಶುಭಾ ಸೇರಿದಂತೆ ಏಳು ಮಂದಿ ಶವವಾಗಿದ್ದರು. ಜೀವಂತ ಹಿಡಿಯಬೇಕೆಂಬ ಉದ್ದೇಶವೇ ವಿಫಲವಾಯಿತು. ಹಲಗಲಿಯ ಲಾವಣಿಯಲ್ಲಿ ಮುತ್ತಿಗೆಗೆ ಸಿಕ್ಕವರ ಸಾವು ಹಾಡಿಗೆ ಆರಂಭ. ಕೋಣನಕುಂಟೆಯಲ್ಲಿ ಅದು ಎಷ್ಟೋ ಪ್ರಶ್ನೆಗಳಿಗೆ ಬಿದ್ದ ಬೀಗ.

ಇದೇ ಮುತ್ತಿಗೆಯನ್ನು ಕುರಿತು, ಕಾರ್ಯಾಚರಣೆಯಲ್ಲಿ ಸ್ವತಃ ಭಾಗವಹಿಸಿದ್ದ ಮೇಜರ್ ರವಿ 2007ರಲ್ಲಿ ಮಲಯಾಳಂನಲ್ಲಿ ‘ಮಿಷನ್ 90 ಡೇಸ್’ ಚಿತ್ರವನ್ನು ನಿರ್ದೇಶಿಸಿದರು. ಮಮ್ಮುಟ್ಟಿ ನಾಯಕರಾಗಿರುವ ಆ ಕಥನ ಬೆನ್ನಟ್ಟುವವರ ಕಡೆಯಿಂದ ಸಾಗುತ್ತದೆ. ‘ಸೈನೈಡ್’ ಅಡಗುದಾಣದ ಗೋಡೆಗಳ ಒಳಗಿನ ದಿನಗಳಿಗೆ ಹೆಚ್ಚು ಗಮನ ಕೊಡುತ್ತದೆ. ಹೀಗೆ ಲಾವಣಿಯ ಸ್ಥಾನದಲ್ಲಿ ನಿಂತರೂ ಅದು ಲಾವಣಿಯಾಗುವುದಿಲ್ಲ. ರವಿ ಕಾಳೆಯವರ ಶಿವರಾಸನ್ ಭಯ ಹುಟ್ಟಿಸುತ್ತಾನೆ. ವೀರನ ಪಟ್ಟಕ್ಕೆ ಏರುವುದಿಲ್ಲ.

ಇದಕ್ಕೆ ಕಾರಣ ಆ ಮನೆಯಲ್ಲಿರುವ ಇನ್ನಿಬ್ಬರು: ಆಶ್ರಯ ನೀಡಿದ ಗಂಡ ಮತ್ತು ಅವನ ಹೆಂಡತಿ. ರಂಗಾಯಣ ರಘು ಹಾಗೂ ತಾರಾ ಈ ಪಾತ್ರಗಳನ್ನು ನಿರ್ವಹಿಸಿದ್ದಾರೆ. ಹೆಂಡತಿಯ ಪಾತ್ರವನ್ನು ವಿವೇಚಿಸಲು ಲಾವಣಿಗಿಂತ ನಮ್ಮ ಕಥನಗೀತೆಗಳೇ ಹೆಚ್ಚು ನೆರವಾಗುತ್ತವೆ. ‘ಕೆರೆಗೆ ಹಾರ’ದಲ್ಲಿ ಭಾಗೀರಥಿಯನ್ನು ಬಲಿಗೊಡುವ ತೀರ್ಮಾನ ಅವಳನ್ನು ಕೇಳದೆಯೇ ಆಗುತ್ತದೆ, ಫಲವನ್ನು ಉಣ್ಣುವವಳು ಅವಳು. ಇಲ್ಲಿಯೂ ಬಾಗಿಲು ತೆರೆದವನು ಗಂಡ, ಹೊಸ್ತಿಲೊಳಗೆ ಸೆರೆಯಾದವಳು ಹೆಂಡತಿ. ಭಾಗೀರಥಿಯದು ಊರಿಗಾಗಿ ಆದ ಬಲಿಯೆಂದು ಪರಂಪರೆ ಪೂಜ್ಯಭಾವ ತೋರಿದೆ. ಈ ಗೃಹಿಣಿಗೆ ಅಂತಹ ಸಮಾಧಾನವೂ ಇಲ್ಲ. ಪೊಲೀಸರ ಬಂದೂಕಿಗಿಂತ ಮೊದಲೇ ಆ ಮನೆಗೆ ಮುತ್ತಿಗೆ ಬಿದ್ದಿತ್ತು ಎಂಬುದನ್ನು ಅವಳ ಭೀತಿ ಸೂಚಿಸುತ್ತದೆ. ಚಿತ್ರದ ನಿಜವಾದ ಸಾಧನೆ ಇದೇ ಎಂದು ಹೇಳಬೇಕಾಗುತ್ತದೆ.

ಈ ಭಯ ದೂರದ್ದಲ್ಲ. ಮೈಸೂರಿನ ಕೃಷ್ಣಮೂರ್ತಿಪುರಂನಂತಹ ಹಳೆಯ ಬಡಾವಣೆಯಲ್ಲಿ ಮನೆಯ ಒಂದು ಭಾಗವನ್ನು ಬಾಡಿಗೆಗೆ ಕೊಟ್ಟು ಬಾಳುವ ಕುಟುಂಬಕ್ಕೆ ಹಲಗಲಿಯ ಬೆಂಕಿ ಪಠ್ಯದ ಸಂಗತಿಯಾಗಿರಬಹುದು. ಆದರೆ ಬಾಗಿಲು ತಟ್ಟಿದ ಅಪರಿಚಿತ ಯಾರು ಎಂಬುದು ಅದರ ದಿನನಿತ್ಯದ ಪ್ರಶ್ನೆ. ಮನೆಗೆ ಬಂದವರನ್ನು ದೇವರೆಂದು ಕಾಣುವ ನೀತಿಯೂ ಆ ನೀತಿಯ ಮೇಲೆ ಕವಿಯುವ ಸಂಶಯವೂ ಚಿತ್ರದಲ್ಲಿ ಮುಖಾಮುಖಿಯಾಗುತ್ತವೆ.

ಚಿತ್ರಕ್ಕೆ ಮಿತಿಯೂ ಇದೆ. ಶ್ರೀಪೆರಂಬುದೂರಿನಲ್ಲಿ ರಾಜೀವ್ ಅವರೊಡನೆ ಮಡಿದ ಪೊಲೀಸರು, ಜನಸಾಮಾನ್ಯರು ಈ ಕಥನದ ಅಂಚಿನಲ್ಲೇ ಉಳಿಯುತ್ತಾರೆ. ಒಳಗಿನವರ ಕೊನೆಯ ಗಳಿಗೆಗಳನ್ನು ಹತ್ತಿರದಿಂದ ತೋರಿಸುವ ಕಥನಕ್ಕೆ ಹೊರಗೆ ಸತ್ತವರ ನೆನಪಿನ ಹೊಣೆಯೂ ಇರುತ್ತದೆ. ಹಲಗಲಿಯ ಹಾಡುಗಾರ ಹಾಳಾದ ಊರನ್ನು ಮರೆಯುವುದಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು.

ಹೀಗಿದ್ದರೂ ಮುತ್ತಿಗೆಯ ಕಥನವನ್ನು ವೀರನಿಂದ ಬಿಡಿಸಿ, ನಿರ್ಧಾರದಲ್ಲಿ ಪಾಲಿಲ್ಲದೆ ಪರಿಣಾಮವನ್ನು ಹೊತ್ತವಳ ಕಡೆಗೆ ತಿರುಗಿಸಿದ ಕಾರಣದಿಂದ ‘ಸೈನೈಡ್’ ಜಾನಪದ ವಿದ್ವಾಂಸರ ಗಮನಕ್ಕೂ ಅರ್ಹವಾದ ಕೃತಿಯಾಗಿದೆ. ಸಾಹಸ ಚಿತ್ರಗಳನ್ನು ಅಭ್ಯಸಿಸುವವರು ಲಾವಣಿಯ ಜೊತೆಗೆ ಹೆಂಗಸರ ಕಥನಗೀತೆಗಳನ್ನೂ ಅಳತೆಗೋಲಾಗಿ ಇರಿಸಿಕೊಳ್ಳುವುದು ಅಗತ್ಯ.